ಹಸುವಿನ ಸೂಜಿ, ಮನೆಯ ಮೊಸರು



ಕಳೆದ ಮಳೆಗಾಲದಲ್ಲಿ ಮನೆಗಳ ಭೇಟಿಗೆ ಹೋಗಿದ್ದಾಗ ಒಂದು ಮನೆಯವರು ಮಧ್ಯಾಹ್ನದ ಊಟಕ್ಕೆ ನಿಲ್ಲಿಸಿಕೊಂಡರು. ಮುದ್ದೆ, ಹುರುಳಿ ಸಾರು ಬಡಿಸಿದ ಆ ಮನೆಯ ತಾಯಿ ಕೊನೆಗೆ ಮಜ್ಜಿಗೆ ಇಲ್ಲವೆಂದು ಬಹಳ ಸಂಕೋಚಪಟ್ಟರು. "ಮೂರು ದಿನದಿಂದ ಹಾಲು ಹೆಪ್ಪೇ ಆಗ್ತಿಲ್ಲ ಸ್ವಾಮಿ. ಪಕ್ಕದ ಮನೆಯಿಂದ ಹೆಪ್ಪು ತಂದು ಹಾಕಿದೆ, ಆದರೂ ನೀರು ನೀರು. ಯಾರ ಕಣ್ಣು ಬಿತ್ತೋ ಏನೋ" ಎಂದರು.

"ಹಸುವಿಗೆ ಏನಾದರೂ ಔಷಧಿ ಮಾಡಿಸಿದಿರೇನಮ್ಮಾ?" ಎಂದು ಕೇಳಿದೆ. ಹೌದು, ಸೀಮೆಹಸುವಿನ ಕೆಚ್ಚಲು ಊದಿಕೊಂಡಿತ್ತು. ಮಗ ಪೇಟೆಯ ಮೆಡಿಕಲ್ ಅಂಗಡಿಯಿಂದ ಔಷಧಿ ತಂದಿದ್ದ. ಊರಲ್ಲಿ ಸೂಜಿ ಹಾಕಲು ಬಲ್ಲವರೊಬ್ಬರು ದಿನಕ್ಕೊಂದರಂತೆ ಹಾಕಿದ್ದರು. ಎರಡು ದಿನಕ್ಕೆ ಊತ ಇಳಿದಿತ್ತು, ಸೂಜಿ ನಿಲ್ಲಿಸಿದ್ದರು. ಹಾಲನ್ನು ಒಂದು ಹೊತ್ತೂ ಬಿಡದೆ ಡೈರಿಗೆ ಹಾಕಿದ್ದರು, ಮನೆಗೂ ಇಟ್ಟುಕೊಂಡಿದ್ದರು.

ಯಾರ ಕಣ್ಣೂ ಬಿದ್ದಿರಲಿಲ್ಲ. ಹಾಲನ್ನು ಮೊಸರು ಮಾಡುವುದು ಹೆಪ್ಪಿನಲ್ಲಿರುವ ಸೂಕ್ಷ್ಮ ಜೀವಿಗಳು. ಹಸುವಿನ ಕೆಚ್ಚಲಲ್ಲಿ ರೋಗಾಣುಗಳನ್ನು ಕೊಲ್ಲಲು ಹಾಕಿದ ಆಂಟಿಬಯಾಟಿಕ್ ಔಷಧಿ ಹಾಲಿನ ಜೊತೆಯಲ್ಲಿ ಪಾತ್ರೆಗೆ ಬಂದು, ಹೆಪ್ಪಿನ ಜೀವಿಗಳನ್ನೂ ಬೆಳೆಯಗೊಡಲಿಲ್ಲ. ಅಷ್ಟೇ ವಿಷಯ. ಆದರೆ ಮೊಸರನ್ನು ಕೆಡಿಸಿದ ಆ ಔಷಧಿಯನ್ನು ಆ ಮನೆಯ ಮೂವರು ಮಕ್ಕಳು ಮೂರು ದಿನ ಕುಡಿದಿದ್ದರು. ಡೈರಿಯ ಕ್ಯಾನಿನಲ್ಲಿ ಅದು ಬೇರೆ ಮನೆಗಳ ಹಾಲಿನ ಜೊತೆಗೂ ಸೇರಿತ್ತು. ಹಾಲನ್ನು ಚೆನ್ನಾಗಿ ಕಾಯಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಕಾಯಿಸಿದರೆ ರೋಗಾಣು ಸಾಯುತ್ತದೆ, ಈ ಔಷಧಿಗಳಲ್ಲಿ ಹೆಚ್ಚಿನವು ಒಲೆಯ ಶಾಖಕ್ಕೆ ಪೂರ್ತಿ ನಾಶವಾಗುವುದಿಲ್ಲ. ಪೆನಿಸಿಲಿನ್ ಒಗ್ಗದ ದೇಹದವರಿಗೆ ಅಂಥ ಹಾಲಿನಿಂದಲೇ ಮೈಮೇಲೆ ದದ್ದು ಏಳಬಹುದು.

ಹಾಲಿನಲ್ಲಿ ಉಳಿದ ಔಷಧಿ ಒಂದು ಸಂಗತಿಯಾದರೆ, ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಹೊಸೂರು ಸೀಮೆಯಲ್ಲಿ ಟೊಮೆಟೊ ಮತ್ತು ಗುಲಾಬಿ ಬೆಳೆಯುವ ನಿಮಗೆ ಅದನ್ನು ವಿವರಿಸುವುದು ಕಷ್ಟವಲ್ಲ. ಗುಲಾಬಿಯ ಕೆಂಪು ನುಸಿಗೆ ಒಂದೇ ಔಷಧಿಯನ್ನು ವಾರ ವಾರವೂ ಹೊಡೆದರೆ ಏನಾಗುತ್ತದೆ? ಮೊದಲ ವರ್ಷ ನುಸಿ ಸಾಯುತ್ತದೆ. ಸಾಯದೆ ಉಳಿದ ನಾಲ್ಕಾರು ನುಸಿಗಳ ಸಂತಾನವೇ ಮುಂದೆ ತೋಟವೆಲ್ಲ ತುಂಬುತ್ತದೆ. ಮೂರನೆಯ ವರ್ಷ ಅದೇ ಔಷಧಿ ನೀರು ಹೊಡೆದಂತೆ. ರೋಗಾಣುಗಳ ಕಥೆಯೂ ಹೀಗೆಯೇ. ಬೇಡದಿದ್ದರೂ ಹಾಕಿದ ಸೂಜಿ, ಅಳತೆಗೆ ಕಡಿಮೆ ಹಾಕಿದ ಸೂಜಿ, ಡಾಕ್ಟರು ಐದು ದಿನ ಎಂದಲ್ಲಿ ಎರಡೇ ದಿನಕ್ಕೆ ಬಿಟ್ಟ ಸೂಜಿ, ಇವೆಲ್ಲ ಬಲವಾದ ರೋಗಾಣುಗಳನ್ನು ಆರಿಸಿ ಬೆಳೆಸುವ ಕೆಲಸ ಮಾಡುತ್ತವೆ. ನುಸಿಗಿಲ್ಲದ ಒಂದು ವಿದ್ಯೆಯೂ ರೋಗಾಣುಗಳಿಗಿದೆ: ಔಷಧಿಯನ್ನು ಎದುರಿಸುವ ಗುಣವನ್ನು ಒಂದು ಜಾತಿಯ ರೋಗಾಣು ಪಕ್ಕದಲ್ಲಿರುವ ಇನ್ನೊಂದು ಜಾತಿಗೆ ದಾಟಿಸಿಬಿಡಬಲ್ಲದು. ಆದ್ದರಿಂದ ಹಸುವಿನ ಕರುಳಲ್ಲಿ ಹುಟ್ಟಿದ ಗುಣ ಹಸುವಿನಲ್ಲೇ ನಿಲ್ಲುವುದಿಲ್ಲ. ಕರೆಯುವವರ ಕೈಗೆ, ಕುಡಿಯುವ ನೀರಿಗೆ, ಅಲ್ಲಿಂದ ಮನುಷ್ಯರ ರೋಗಾಣುವಿಗೂ ಬರಬಹುದು.

ಪೆನಿಸಿಲಿನ್ ಅನ್ನು 1928ರಲ್ಲಿ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅವರೇ 1945ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಸಂದರ್ಭದ ಭಾಷಣದಲ್ಲಿ, ಕಡಿಮೆ ಅಳತೆಯಲ್ಲಿ ಬಳಸಿದರೆ ರೋಗಾಣುಗಳು ಇದಕ್ಕೆ ಒಗ್ಗಿಹೋಗುತ್ತವೆಂದು ಎಚ್ಚರಿಸಿದ್ದರು. ಜಗತ್ತು ಅಷ್ಟಾಗಿ ಕಿವಿಗೊಡಲಿಲ್ಲ. 2019ರ ಒಂದೇ ವರ್ಷದಲ್ಲಿ, ಔಷಧಿಗೆ ಬಗ್ಗದ ರೋಗಾಣುಗಳಿಂದಲೇ ಜಗತ್ತಿನಲ್ಲಿ ಸುಮಾರು 12 ಲಕ್ಷ 70 ಸಾವಿರ ಮಂದಿ ಸತ್ತರೆಂದು 2022ರಲ್ಲಿ ಪ್ರಕಟವಾದ ದೊಡ್ಡದೊಂದು ಅಧ್ಯಯನ ಅಂದಾಜು ಮಾಡಿತು. ಇದರಲ್ಲಿ ದನಗಳ ಪಾಲೆಷ್ಟು, ಮನುಷ್ಯರಿಗೇ ಅತಿಯಾಗಿ ಕೊಟ್ಟ ಮಾತ್ರೆಗಳ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳುವುದು ಸುಲಭವಲ್ಲ. ನೆಗಡಿಗೂ ಮಾತ್ರೆ ನುಂಗುವ ನಾವು ದನಗಳ ಮೇಲೆಯೇ ಎಲ್ಲ ಹೊರೆ ಹಾಕುವುದು ನ್ಯಾಯವೂ ಅಲ್ಲ. ಆದರೆ ಒಂದನ್ನು ಗಮನಿಸಿ. ಮಗುವಿಗೆ ಟೈಫಾಯಿಡ್ ಜೋರಾದಾಗ ಆಸ್ಪತ್ರೆಯಲ್ಲಿ ನರಕ್ಕೆ ಕೊಡುವ ಸೆಫ್ಟ್ರಿಯಾಕ್ಸೋನ್ ಎಂಬ ಔಷಧಿಯೇ ನಮ್ಮ ಕೊಟ್ಟಿಗೆಗಳಲ್ಲಿ ಕೆಚ್ಚಲು ಬಾವಿಗೂ ನಡೆಯುತ್ತಿದೆ. ಬಾಟಲಿಯ ಮೇಲಿನ ಹೆಸರನ್ನು ಓದಿ ನೋಡಿ.

ಹಾಗಾದರೆ ತಪ್ಪು ಯಾರದು? ದನದ ಡಾಕ್ಟರದೇ? ನನಗೆ ಪರಿಚಯವಿರುವ ಒಬ್ಬ ಪಶುವೈದ್ಯರನ್ನು ಇದನ್ನೇ ಕೇಳಿದೆ. ಅವರು ನಕ್ಕು ಹೇಳಿದರು: "ಫಾದರ್, ನಾನು ಥರ್ಮಾಮೀಟರ್ ಇಟ್ಟು ನೋಡಿ, ಇದಕ್ಕೆ ಸೂಜಿ ಬೇಡ, ನೆರಳಲ್ಲಿ ಕಟ್ಟಿ ನೀರು ಕೊಡಿ ಅಂದರೆ, ಡಾಕ್ಟರು ಬಂದು ಹೋದ ಹಾಗೇ ಅವರಿಗೆ ಅನ್ನಿಸೋದಿಲ್ಲ. ನಾನು ಗೇಟು ದಾಟೋ ಮೊದಲೇ ಇನ್ನೊಬ್ಬರಿಗೆ ಫೋನು ಹೋಗಿರುತ್ತೆ. ಅವರು ಬಂದು ಎರಡು ಸೂಜಿ ಹಾಕ್ತಾರೆ. ಹಸು ತಾನಾಗಿ ಮೂರನೇ ದಿನ ಎದ್ದು ನಿಲ್ಲುತ್ತೆ. ಒಳ್ಳೆಯ ಡಾಕ್ಟರು ಅನ್ನೋ ಹೆಸರು ಅವರಿಗೆ."

ಈ ಮಾತಿನಲ್ಲಿ ನಮಗೊಂದು ಪೆಟ್ಟಿದೆ, ಅದನ್ನು ನಾವು ಒಪ್ಪಿಕೊಳ್ಳಬೇಕು. ಸೂಜಿ ಹಾಕಿದರೆ ಮಾತ್ರ ಹಣ ಕೊಡುವವರು ನಾವು. ಬುದ್ಧಿ ಹೇಳಿದ್ದಕ್ಕೆ, ಪರೀಕ್ಷೆ ಮಾಡಿದ್ದಕ್ಕೆ ಹಣ ಕೊಡುವ ರೂಢಿಯೇ ನಮ್ಮಲ್ಲಿಲ್ಲ. ಡೆನ್ಮಾರ್ಕ್ ದೇಶದಲ್ಲಿ 1990ರ ದಶಕದ ನಡುವಿನಲ್ಲಿ ಪಶುವೈದ್ಯರು ಔಷಧಿ ಮಾರಾಟದಿಂದ ಪಡೆಯುವ ಲಾಭಕ್ಕೆ ಸರಕಾರ ಮಿತಿ ಹಾಕಿತು. ಔಷಧಿ ಹೆಚ್ಚು ಕೊಟ್ಟಷ್ಟೂ ಹೆಚ್ಚು ಸಂಪಾದನೆ ಎಂಬ ನಂಟನ್ನು ಕತ್ತರಿಸಿದರೆ ಡಾಕ್ಟರರ ಕೈ ತಾನಾಗಿ ಹಿಡಿತಕ್ಕೆ ಬರುತ್ತದೆಂಬ ಲೆಕ್ಕ ಅದು. ನಾವು ಕಾನೂನು ಮಾಡಲಾರೆವು. ಆದರೆ ಸೂಜಿ ಬೇಡವೆಂದ ಡಾಕ್ಟರಿಗೂ ಬಂದ ಖರ್ಚನ್ನು ಗೌರವದಿಂದ ಕೊಟ್ಟು ಕಳುಹಿಸಬಹುದಲ್ಲವೇ?

ಯಾವ ಕಾಯಿಲೆಗೆ ಈ ಔಷಧಿ ಕೆಲಸಕ್ಕೇ ಬರುವುದಿಲ್ಲವೆಂದು ತಿಳಿದಿದ್ದರೆ ಕೇಳುವುದೂ ಕಡಿಮೆಯಾಗುತ್ತದೆ. ಆಂಟಿಬಯಾಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾಗಳನ್ನು. ವೈರಸ್ಸಿನ ಮೇಲೆ ಅದು ಏನೂ ಮಾಡದು. ಕಾಲುಬಾಯಿ ರೋಗ ವೈರಸ್ಸಿನದು. 2022ರಲ್ಲಿ ದೇಶದ ಅನೇಕ ಕಡೆ ದನಗಳನ್ನು ನೆಲಕ್ಕೆ ಕೆಡವಿದ ಚರ್ಮಗಂಟು ರೋಗವೂ ವೈರಸ್ಸಿನದೇ. ಇವೆರಡರಲ್ಲಿ ಹುಣ್ಣಿಗೆ ಬೇರೆ ಸೋಂಕು ಹತ್ತಿದ್ದರೆ ಮಾತ್ರ ಡಾಕ್ಟರು ಆಂಟಿಬಯಾಟಿಕ್ ಕೊಡಬಹುದು, ಮೂಲ ರೋಗಕ್ಕಲ್ಲ. ಇವಕ್ಕೆ ದಾರಿ ಮೊದಲೇ ಹಾಕಿಸುವ ಲಸಿಕೆ. ಲಸಿಕೆಗೆ ಬಂದವರನ್ನು ಹಸು ಹಾಲು ಕಡಿಮೆ ಮಾಡುತ್ತದೆಂದು ವಾಪಸು ಕಳುಹಿಸುವ ಮನೆಗಳು ನಮ್ಮ ನಡುವೆ ಇವೆ. ನಾಲ್ಕು ದಿನ ಒಂದೆರಡು ಲೀಟರು ಕಡಿಮೆಯಾದೀತು, ರೋಗ ಬಂದರೆ ಆ ಕರಾವೇ ಹೋದೀತು. ಮೂರು ದಿನದ ಜ್ವರವೂ ವೈರಸ್ಸಿನದು. ಹೆಸರೇ ಹೇಳುವಂತೆ ಹೆಚ್ಚಿನ ದನಗಳು ಮೂರ್ನಾಲ್ಕು ದಿನದಲ್ಲಿ ಸುಧಾರಿಸುತ್ತವೆ. ಆಗ ದನಕ್ಕೆ ನುಂಗುವುದು ಕಷ್ಟವಾಗಿರಬಹುದು, ಆದ್ದರಿಂದ ಗೊಟ್ಟದಲ್ಲಿ ಗಂಜಿಯನ್ನೋ ಕಷಾಯವನ್ನೋ ಬಲವಂತವಾಗಿ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಇಳಿದೀತು. ಇನ್ನು ಕರು ಹಾಕಿದ ಮಾರನೆಯ ದಿನ ಕಿವಿ ತಣ್ಣಗಾಗಿ, ಕತ್ತು ಪಕ್ಕಕ್ಕೆ ತಿರುಗಿಸಿ ಮಲಗುವ ಹಾಲುಜ್ವರ ಹೆಸರಿಗೆ ಜ್ವರ, ನಿಜದಲ್ಲಿ ಕ್ಯಾಲ್ಸಿಯಂ ಕೊರತೆ. ಅದಕ್ಕೆ ಡಾಕ್ಟರು ತಡಮಾಡದೆ ನರಕ್ಕೆ ಕ್ಯಾಲ್ಸಿಯಂ ಕೊಡಬೇಕು. ಉಣ್ಣೆಯಿಂದ ಬರುವ ಥೈಲೇರಿಯಾ ಜ್ವರಕ್ಕೆ ಔಷಧಿಯೇ ಬೇರೆ. ಹೀಗಿರುವಾಗ ಜ್ವರವೆಂದ ಕೂಡಲೇ ಒಂದೇ ಬಾಟಲಿಗೆ ಕೈ ಹಾಕುವುದು ಯಾವ ಲೆಕ್ಕ?

ಕೆಚ್ಚಲು ಬಾವಿನ ವಿಷಯಕ್ಕೆ ಬರೋಣ, ಏಕೆಂದರೆ ಹೈನುಗಾರಿಕೆಯಲ್ಲಿ ಈ ಔಷಧಿಗಳು ಹೆಚ್ಚಾಗಿ ಖರ್ಚಾಗುವುದು ಅಲ್ಲಿಯೇ. ಇದರ ರೋಗಾಣುಗಳು ಎರಡು ದಾರಿಯಲ್ಲಿ ಬರುತ್ತವೆ. ಕೆಲವು ಒಂದು ಹಸುವಿನ ಕೆಚ್ಚಲಿನಿಂದ ಇನ್ನೊಂದಕ್ಕೆ ಕರೆಯುವವರ ಕೈ ಮತ್ತು ಒರೆಸುವ ಬಟ್ಟೆಯ ಮೂಲಕ. ಕೆಲವು ಸಗಣಿ, ಗಂಜಲ, ಒದ್ದೆ ನೆಲದಿಂದ. ಹಾಲು ಕರೆದ ಮೇಲೆ ತೊಟ್ಟಿನ ತುದಿಯ ರಂಧ್ರ ಮುಚ್ಚಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಯಲ್ಲಿ ಹಸು ಸಗಣಿಯ ಮೇಲೆ ಮಲಗಿತೋ, ಬಾಗಿಲು ತೆರೆದಿಟ್ಟು ಕಳ್ಳನನ್ನು ಕರೆದಂತೆ. ಆದ್ದರಿಂದ ಹಸಿಹುಲ್ಲನ್ನು ಕರೆಯುವ ಮೊದಲು ಹಾಕದೆ, ಕರೆದಾದ ಕೂಡಲೇ ಹಾಕಿ. ಮೇಯುತ್ತಾ ನಿಂತಿರುತ್ತದೆ. ಒಂದು ಕಾಸೂ ಖರ್ಚಿಲ್ಲದ ಔಷಧಿ ಇದು. ಜೊತೆಗೆ ಪ್ರತಿ ಸಲವೂ ತೊಟ್ಟುಗಳನ್ನು ಡಾಕ್ಟರು ಹೇಳಿದ ಪೊವಿಡೋನ್ ಅಯೋಡಿನ್ ದ್ರಾವಣದಲ್ಲಿ ಅದ್ದಿದರೆ ಇನ್ನೂ ಒಳ್ಳೆಯದು.

ಕರೆಯುವಾಗ ಆರೋಗ್ಯದ ಹಸು ಮೊದಲು, ಬಾವಿನ ಹಸು ಕೊನೆಗೆ. ಹೆಬ್ಬೆರಳನ್ನು ಮಡಚಿ ಗೆಣ್ಣಿನಿಂದ ಎಳೆದು ಕರೆಯುವ ಅಭ್ಯಾಸ ನಮ್ಮ ಕಡೆ ಬಹಳ. ತೊಟ್ಟಿನ ಒಳಪದರಕ್ಕೆ ಅದರಿಂದ ಗಾಯವಾಗುತ್ತದೆ. ಇಡೀ ಮುಷ್ಟಿಯಿಂದ ಒತ್ತಿ ಕರೆಯುವುದೇ ಸರಿ. ನನ್ನ ತಾಯಿಯೂ ಹೆಬ್ಬೆರಳು ಮಡಚಿಯೇ ಕರೆಯುತ್ತಿದ್ದರು, ನಾಟಿ ಹಸುವಿನ ಒಂದೂವರೆ ಲೀಟರಿಗೆ ಅದು ಹೇಗೋ ನಡೆದುಹೋಯಿತು. ದಿನಕ್ಕೆ ಹತ್ತು ಹದಿನೈದು ಲೀಟರು ಕೊಡುವ ಸೀಮೆಹಸುವಿಗೆ ನಡೆಯುವುದಿಲ್ಲ. ಮೊದಲ ನಾಲ್ಕು ಧಾರೆಯನ್ನು ನೆಲಕ್ಕೆ ಬಿಡದೆ ಕಪ್ಪು ಬಟ್ಟೆ ಕಟ್ಟಿದ ಬಟ್ಟಲಿಗೆ ಹಿಂಡಿ ನೋಡಿ. ಒಡೆದ ಹಾಲಿನಂಥ ಸಣ್ಣ ಗಡ್ಡೆಗಳು ಕಂಡರೆ ಬಾವಿನ ಆರಂಭ.

ಕಣ್ಣಿಗೆ ಕಾಣದ ಬಾವೂ ಉಂಟು. ಊತವಿಲ್ಲ, ನೋವಿಲ್ಲ, ಹಾಲು ಮಾತ್ರ ದಿನದಿನಕ್ಕೆ ಇಳಿಯುತ್ತದೆ. ಅದನ್ನು ಮನೆಯಲ್ಲೇ ಪತ್ತೆ ಮಾಡಬಹುದು. ಅರ್ಧ ಲೀಟರು ನೀರಿಗೆ ಬಟ್ಟೆ ಒಗೆಯುವ ಪುಡಿ ಸುಮಾರು 15 ಗ್ರಾಂ ಹಾಕಿ ಕರಗಿಸಿಟ್ಟುಕೊಳ್ಳಿ. ನಾಲ್ಕು ಬಟ್ಟಲಿಗೆ ನಾಲ್ಕು ತೊಟ್ಟಿನ ಹಾಲು ಸ್ವಲ್ಪ ಸ್ವಲ್ಪ ಹಿಂಡಿ, ಅಷ್ಟೇ ಪ್ರಮಾಣದ ಸೋಪಿನ ನೀರು ಸೇರಿಸಿ ಇಪ್ಪತ್ತು ಸೆಕೆಂಡು ಮೆಲ್ಲಗೆ ಅಲುಗಾಡಿಸಿ. ಆರೋಗ್ಯದ ಹಾಲು ನೀರಾಗಿಯೇ ಉಳಿಯುತ್ತದೆ, ಬಾವಿನ ಹಾಲು ಲೋಳೆಯಾಗುತ್ತದೆ. ಹದಿನೈದು ದಿನಕ್ಕೊಮ್ಮೆ ಮಾಡಿದರೆ ಸಾಕು. ಲೋಳೆ ಕಂಡ ಕೂಡಲೇ ಸೂಜಿಗೆ ಓಡಬೇಡಿ, ಡಾಕ್ಟರಿಗೆ ಹೇಳಿ, ನೆಲದ ಶುಚಿ ಮತ್ತು ಕೈಯ ಶುಚಿ ಹೆಚ್ಚಿಸಿ.

ಬಾವಿನ ಆರಂಭದ ಹಂತಕ್ಕೆ ಒಂದು ಮನೆಮದ್ದನ್ನು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯವರೇ ಹಾಲು ಒಕ್ಕೂಟಗಳ ಮೂಲಕ ಪ್ರಚಾರ ಮಾಡುತ್ತಿದ್ದಾರೆ. ಇದರ ಹಿಂದೆ ತಮಿಳುನಾಡಿನ ಪಶುವೈದ್ಯ ಪ್ರಾಧ್ಯಾಪಕ ಪುಣ್ಯಮೂರ್ತಿ ಅವರ ಮತ್ತು ಬೆಂಗಳೂರಿನ ಯಲಹಂಕದ ಬಳಿ ಇರುವ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯದವರ ಹಲವು ವರ್ಷಗಳ ಕೆಲಸವಿದೆ. ಲೋಳೆಸರ 250 ಗ್ರಾಂ, ಅರಿಶಿನ 50 ಗ್ರಾಂ, ತಿನ್ನುವ ಸುಣ್ಣ 15 ಗ್ರಾಂ, ಇವನ್ನು ಒಟ್ಟಿಗೆ ರುಬ್ಬಿ ಕೆಂಪು ಮುದ್ದೆ ಮಾಡಿಕೊಳ್ಳುವುದು. ಕೆಚ್ಚಲನ್ನು ಪೂರ್ತಿ ಕರೆದು ತೊಳೆದು, ಒಂದು ಹಿಡಿ ಮುದ್ದೆಗೆ ನೀರು ಬೆರೆಸಿ ತೆಳ್ಳಗೆ ಮಾಡಿ ಕೆಚ್ಚಲಿಗೆಲ್ಲ ಹಚ್ಚುವುದು. ದಿನಕ್ಕೆ ಹತ್ತು ಸಲದವರೆಗೆ, ಕಡಿಮೆಯೆಂದರೆ ಐದು ದಿನ. ಪ್ರತಿದಿನವೂ ಹೊಸದಾಗಿ ರುಬ್ಬಬೇಕು. ಜೊತೆಗೆ ನಿಂಬೆಹಣ್ಣು ತಿನ್ನಿಸುತ್ತಾರೆ. ಸುಣ್ಣ ಹೆಚ್ಚಾದರೆ ಚರ್ಮ ಸುಡುತ್ತದೆ, ಅಳತೆ ಮೀರಬಾರದು. ಹತ್ತು ಸಲ ಹಚ್ಚುವ ತಾಳ್ಮೆ ಎಷ್ಟು ಮನೆಗಳಲ್ಲಿದೆಯೋ ನಾನರಿಯೆ. ಎರಡು ಸಲ ಹಚ್ಚಿ ಇದು ಸುಳ್ಳು ಮದ್ದು ಎನ್ನುವವರನ್ನು ನೋಡಿದ್ದೇನೆ.

ಆದರೆ ಇದನ್ನು ಓದಿ ಯಾರೂ ಹಸುವನ್ನು ಕೊಲ್ಲಬಾರದು. ಮೈ ಬಿಸಿಯಾಗಿ ಮೇವು ಬಿಟ್ಟರೆ, ಕೆಚ್ಚಲು ಕಲ್ಲಿನಂತಾದರೆ, ನೀಲಿಗಟ್ಟಿ ತಣ್ಣಗಾದರೆ, ಹಾಲಿನ ಬದಲು ಕೆಂಪು ನೀರು ಬಂದರೆ ಅದು ಲೋಳೆಸರದ ಹೊತ್ತಲ್ಲ. ಒಂದು ಗಂಟೆಯೂ ಕಳೆಯದೆ ಪಶುವೈದ್ಯರನ್ನು ಕರೆಸಿ, ಅಥವಾ 1962ಕ್ಕೆ ಫೋನು ಮಾಡಿ ಪಶು ಆಂಬುಲೆನ್ಸ್ ಕೇಳಿ. ಅಲ್ಲಿ ಆಂಟಿಬಯಾಟಿಕ್ ಬೇಕೇ ಬೇಕು. ಅಂಥ ದಿನ ಅದು ಕೆಲಸ ಮಾಡಲೆಂದೇ ಮಿಕ್ಕ ದಿನ ಕೈಬಿಗಿ ಹಿಡಿಯುವುದು.

ಡಾಕ್ಟರು ಬಂದಾಗ ಹಾಲಿನ ಮಾದರಿ ಪರೀಕ್ಷೆಗೆ ಕಳುಹಿಸಬಹುದೇ ಎಂದು ಕೇಳಿ. ಯಾವ ರೋಗಾಣು, ಅದಕ್ಕೆ ಯಾವ ಔಷಧಿ ಬಗ್ಗುತ್ತದೆ ಎಂದು ಪ್ರಯೋಗಶಾಲೆಯಲ್ಲಿ ಬೆಳೆಸಿ ನೋಡುತ್ತಾರೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ನಮಗೆ ದೂರವಲ್ಲ. ದಿನವೂ ತರಕಾರಿ, ಹೂವು ಹೊತ್ತ ಗಾಡಿಗಳು ಆ ಕಡೆಗೆ ಹೋಗುತ್ತಲೇ ಇವೆ. ಮಾದರಿಯನ್ನು ಸೂಜಿ ಹಾಕುವ ಮೊದಲೇ ತೆಗೆಯಬೇಕು. ತೊಟ್ಟಿನ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಮೊದಲ ಧಾರೆ ಬಿಟ್ಟು, ಕುದಿಸಿ ಒಣಗಿಸಿದ ಸಣ್ಣ ಬಾಟಲಿಗೆ ಹಿಂಡಿ, ಮಂಜುಗಡ್ಡೆಯಲ್ಲಿಟ್ಟು ಒಯ್ಯಬೇಕು. ಒಂದೇ ಹಸುವಿಗೆ ಪದೇ ಪದೇ ಬಾವು ಬರುತ್ತಿದ್ದರೆ ಈ ಪರೀಕ್ಷೆ ಇಲ್ಲದೆ ಮೂರನೆಯ ಬಗೆಯ ಸೂಜಿ ಹಾಕಿಸುವುದು ಕತ್ತಲಲ್ಲಿ ಕಲ್ಲೆಸೆದಂತೆ.

ಕಾನೂನೂ ಸ್ವಲ್ಪ ತಿಳಿದಿರಲಿ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯಿದೆಯ ಪ್ರಕಾರ ಚಿಕಿತ್ಸೆ ಬರೆದುಕೊಡುವ ಹಕ್ಕು ನೋಂದಾಯಿತ ಪಶುವೈದ್ಯರದು. ಈ ಔಷಧಿಗಳನ್ನು ಚೀಟಿಯಿಲ್ಲದೆ ಮಾರುವಂತಿಲ್ಲ. ಔಷಧಿಯ ಲೇಬಲ್ಲಿನ ಮೇಲೆ, ಕೊನೆಯ ಸೂಜಿಯಾದ ಎಷ್ಟು ದಿನ ಹಾಲು ಬಳಸಬಾರದೆಂದು ಬರೆದಿರಬೇಕು. ಅಂಥ ಅವಧಿ ಗೊತ್ತುಮಾಡಿಲ್ಲದಿದ್ದರೆ ಹಾಲಿಗೆ ಕಡಿಮೆಯೆಂದರೆ 7 ದಿನ, ಮಾಂಸಕ್ಕೆ 28 ದಿನ ಎಂದು 2012ರಲ್ಲಿ ಔಷಧ ನಿಯಮಗಳಿಗೆ ತಿದ್ದುಪಡಿಯಾಯಿತು. ಕೋಳಿ ಸಾಕುವ ಮನೆಯವರಿಗೂ ಒಂದು ಮಾತು: ಕೊಲಿಸ್ಟಿನ್ ಎಂಬ ಔಷಧಿಯನ್ನು ಆಹಾರಕ್ಕಾಗಿ ಸಾಕುವ ಪ್ರಾಣಿ, ಕೋಳಿ, ಮೀನುಗಳಿಗೆ ಕೊಡುವುದನ್ನು 2019ರ ಜುಲೈನಲ್ಲಿ ಕೇಂದ್ರ ಸರಕಾರ ನಿಷೇಧಿಸಿದೆ. ಬೇರೆ ಯಾವ ಔಷಧಿಗೂ ಬಗ್ಗದ ಸೋಂಕಿನ ಮನುಷ್ಯರಿಗೆ ಕೊನೆಯ ಆಸರೆಯಾಗಿ ಅದನ್ನು ಉಳಿಸಿಕೊಳ್ಳಬೇಕಾಗಿತ್ತು.

ಏಳು ದಿನ ಹಾಲು ಚೆಲ್ಲುವುದು ಎಂದು ಬರೆಯುವುದು ಸುಲಭ. ದಿನಕ್ಕೆ 10 ಲೀಟರು, ಲೀಟರಿಗೆ 35 ರೂಪಾಯಿ ಎಂದಿಟ್ಟುಕೊಂಡರೂ ವಾರಕ್ಕೆ 2450 ರೂಪಾಯಿ. ಸಾಲ ಮಾಡಿ ಹಸು ತಂದ ಮನೆಗೆ ಇದು ಹುಡುಗಾಟವಲ್ಲ, ನನಗದು ಗೊತ್ತು. ಅದಕ್ಕೇ ಸೂಜಿಗೆ ಮೊದಲು ಯೋಚಿಸಿ ಎನ್ನುವುದು: ಬೇಡದ ಸೂಜಿಯ ಬೆಲೆಯಲ್ಲಿ ಈ 2450 ರೂಪಾಯಿಯೂ ಸೇರಿದೆ. ಡಾಕ್ಟರು ಔಷಧಿ ಬರೆಯುವಾಗಲೇ "ಹಾಲು ಎಷ್ಟು ದಿನ ಬಿಡಬೇಕು ಸಾರ್, ಕಡಿಮೆ ದಿನದ್ದು ಬೇರೆ ಇದೆಯೇ?" ಎಂದು ಕೇಳಿ. ಒಂದು ತೊಟ್ಟಿಗೆ ಮಾತ್ರ ಟ್ಯೂಬು ಹಾಕಿಸಿದರೂ ನಾಲ್ಕು ತೊಟ್ಟಿನ ಹಾಲನ್ನೂ ಬಿಡಬೇಕು. ರಕ್ತದ ಮೂಲಕ ಔಷಧಿ ಎಲ್ಲ ಕಡೆಗೂ ಹೋಗುತ್ತದೆ. ಬಿಟ್ಟ ಹಾಲನ್ನು ಕರುವಿಗೆ ಕುಡಿಸುವುದೂ ಬೇಡ, ಕರುವಿನ ಕರುಳಲ್ಲೇ ಬಲಿಷ್ಠ ರೋಗಾಣು ಬೆಳೆಯುತ್ತದೆ.

2018ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದವರು ದೇಶದಾದ್ಯಂತ 6432 ಹಾಲಿನ ಮಾದರಿಗಳನ್ನು ಪರೀಕ್ಷಿಸಿದಾಗ 77ರಲ್ಲಿ ಆಂಟಿಬಯಾಟಿಕ್ ಮಿತಿ ಮೀರಿ ಸಿಕ್ಕಿತು. ನೂರಕ್ಕೆ ಒಂದಕ್ಕಿಂತ ಸ್ವಲ್ಪ ಹೆಚ್ಚು, ಹೆದರಿ ಹಾಲು ಬಿಡುವಷ್ಟೇನಲ್ಲ. ಈಗಲೇ ಕೈ ಹಿಡಿದರೆ ಹಿಡಿತದಲ್ಲೇ ಇರುವ ಸಂಗತಿ ಎಂದು ನಾನು ಇದನ್ನು ಓದುತ್ತೇನೆ. ತಿಪ್ಪೆಯ ವಿಷಯ ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುತ್ತಿಲ್ಲ. ಟೆಟ್ರಾಸೈಕ್ಲಿನ್ ಜಾತಿಯ ಔಷಧಿಗಳ ಬಹುಪಾಲು ಗಂಜಲ, ಸಗಣಿಯಲ್ಲಿ ಹಾಗೆಯೇ ಹೊರಬೀಳುತ್ತದೆ. ಸೂಜಿ ಹಾಕಿಸಿದ ದನದ ಸಗಣಿಯನ್ನು ಹಸಿಯಾಗಿ ಕೊತ್ತಂಬರಿ, ಪಾಲಕ್ ಮಡಿಗೆ ಹಾಕದೆ, ತಿಪ್ಪೆಯಲ್ಲಿ ಚೆನ್ನಾಗಿ ಕಳಿಸಿ ರಾಗಿ ಹೊಲಕ್ಕೆ ಹಾಕುವುದು ಲೇಸು.

ಆ ತಾಯಿಯ ಮನೆಗೆ ಮೊನ್ನೆ ಮತ್ತೆ ಹೋಗಿದ್ದೆ. ರಾಗಿ ಕೊಯ್ಲಿನ ಕಾಲ, ಸಾನಮಾವು ಕಾಡಿಗೆ ಆನೆಗಳು ಬಂದಿವೆಯೆಂದು ಗಂಡಸರೆಲ್ಲ ರಾತ್ರಿ ಕಾವಲು ಮುಗಿಸಿ ಬಂದು ಮಲಗಿದ್ದರು. ಹಸುವಿನ ಹಿಂದಿನ ಬಲ ತೊಟ್ಟು ಬತ್ತಿಹೋಗಿದೆ. ಎರಡೇ ದಿನಕ್ಕೆ ನಿಲ್ಲಿಸಿದ ಚಿಕಿತ್ಸೆಯ ಬಾವು ಮತ್ತೆ ಮರುಕಳಿಸಿ, ಆಗ ಬಂದ ಡಾಕ್ಟರು ಮೂರು ತೊಟ್ಟನ್ನು ಉಳಿಸಿಕೊಟ್ಟರಂತೆ. ಈಗ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಮಗಳು ಕೆಂಪು ಪೆನ್ನಿನಿಂದ ಬರೆದಿಟ್ಟಿದ್ದಾಳೆ: ಯಾವ ಹಸು, ಯಾವ ಔಷಧಿ, ಕೊನೆಯ ಸೂಜಿ ಎಂದು, ಹಾಲು ಡೈರಿಗೆ ಯಾವತ್ತಿನಿಂದ. ಖಾಲಿ ಬಾಟಲಿಗಳನ್ನೂ ಒಂದು ಡಬ್ಬಿಯಲ್ಲಿ ಕೂಡಿಟ್ಟಿದ್ದಾಳೆ, ಮುಂದಿನ ಸಲ ಯಾವ ಡಾಕ್ಟರು ಬಂದರೂ ತೋರಿಸಲು. ಮಜ್ಜಿಗೆಯನ್ನು ಈ ಸಲ ಎರಡು ಲೋಟ ಕುಡಿದೆ.